ಹುಲ್ಲುಹಾಸಿಗೊಬ್ಬ ನೀರುಗಂಟಿ

ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಗಳ ಕೆಳಗಣ ಗದ್ದೆಬಯಲುಗಳಲ್ಲಿ ನೀರುಗಂಟಿಯೆಂಬ ಒಬ್ಬನಿರುತ್ತಿದ್ದನು. ತೂಬನ್ನು ಎಂದು ಎತ್ತಬೇಕು, ಎಷ್ಟು ಹೊತ್ತು ಎತ್ತಿರಬೇಕು, ಕಾಲುವೆಯ ತುದಿಯಲ್ಲಿರುವ ಬಡವನ ತಾಕಿಗೆ ನೀರು ತಲಪುವ ಮುನ್ನ ನಡುವಿನವನಾವನು ಮಡೆಯನ್ನು ಕಡಿದಾನು, ಇರುಳು ಬಿದ್ದ ಮಳೆಯಿಂದ ನೆಲವೆಷ್ಟು ನೆನೆದಿದೆ ಎಂಬಿವೆಲ್ಲವನ್ನೂ ಬರಿಗಾಲಿನಲ್ಲಿ ಬದುವಿನ ಮೇಲೆ ನಡೆದು ಕಂಡುಕೊಂಡು, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳನ್ನು ಪಡೆಯುತ್ತಿದ್ದ ಆತನ ವೃತ್ತಿಯು ಕೆರೆಗಳೊಡನೆಯೇ ಬಹುಮಟ್ಟಿಗೆ ಹೂಳಿಹೋಯಿತು. ಅದೇ ವೃತ್ತಿಯು ಸಮುದ್ರಗಳಾಚೆ, ಅಮೆರಿಕದ ಮನೆಗಳ ಗ್ಯಾರೇಜಿನ ಗೋಡೆಯ ಮೇಲೆ, ಪುಸ್ತಕದಷ್ಟಗಲದ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ರೂಪದಲ್ಲಿ ಮರುಹುಟ್ಟು ಪಡೆದಿರುವುದನ್ನು ನಾನು ಕಂಡದ್ದು ಲಾಸ್ ಏಂಜಲೀಸ್ ನಗರಕ್ಕೆ ಪೂರ್ವದಲ್ಲಿ ನೆಲಸಿರುವ ನನ್ನ ಸೋದರಳಿಯನ ಮನೆಯಲ್ಲಿ. ಆದರೆ ಅವನ ಮನೆಯಲ್ಲಿದ್ದುದು ಬುದ್ಧಿಯುಳ್ಳ ನೀರುಗಂಟಿಯಲ್ಲ, ಬರಿಯ ಗಡಿಯಾರ. ಜನವರಿಯ ಒಂದು ಬೆಳಗ್ಗೆ, ಆ ನಾಡಿನಲ್ಲಿ ಅಪರೂಪವಾದ ಮಳೆ ಧಾರಾಕಾರವಾಗಿ ಸುರಿಯುತ್ತಿರುವಾಗಲೇ, ಹುಲ್ಲುಹಾಸಿನೊಳಗಿಂದ ಆರೆಂಟು ಕೊಳವೆಗಳು ನಾಗರಹೆಡೆಗಳಂತೆ ಮೇಲೆದ್ದು ಮಳೆಗೆ ಪ್ರತಿಮಳೆಯನ್ನು ಕರೆಯತೊಡಗಿದುವು. ಅಳಿಯನು ನಾಚಿಕೊಂಡು, “ಮಾವ, ಇದನ್ನು ಕಿತ್ತು ಸ್ಮಾರ್ಟ್ ಕಂಟ್ರೋಲರ್ ಹಾಕಿಸಬೇಕೆಂದಿದ್ದೇನೆ, ಯಾವುದನ್ನು ಕೊಳ್ಳಲಿ ಎಂಬುದೇ ತಿಳಿಯುತ್ತಿಲ್ಲ” ಎಂದನು. ಆ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟ ಫಲವೇ ಈ ಲೇಖನ.

ಪ್ರಶ್ನೆಯು ಮೇಲುನೋಟಕ್ಕೆ ತೋರುವಷ್ಟು ಕ್ಷುಲ್ಲಕವಾದುದಲ್ಲ. ಅಮೆರಿಕ ಸರಕಾರದ ಪರಿಸರ ಸಂರಕ್ಷಣಾ ಸಂಸ್ಥೆಯ ಗಣನೆಯಂತೆ ಆ ದೇಶದ ಸಾಮಾನ್ಯ ಕುಟುಂಬವೊಂದು ದಿನಕ್ಕೆ 300 ಗ್ಯಾಲನ್‌ಗಿಂತ, ಎಂದರೆ ಸುಮಾರು 1,100 ಲೀಟರಿಗಿಂತ, ಹೆಚ್ಚು ನೀರನ್ನು ಬಳಸುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಶೇಕಡ 30 ಭಾಗವು ಮನೆಯ ಹೊರಗೆ, ಹುಲ್ಲಿಗೂ ಗಿಡಗಳಿಗೂ ಹೋಗುತ್ತದೆ. ಕ್ಯಾಲಿಫೋರ್ನಿಯಾ, ನೆವಾಡ, ಆರಿಜೋನಗಳಂಥ ಒಣ ಸೀಮೆಗಳಲ್ಲಿ ಈ ಪಾಲು ಅರ್ಧವನ್ನೂ ಮೀರುವುದುಂಟು. ಹೀಗೆ ಹೊರಗೆ ಸುರಿದ ನೀರಿನಲ್ಲಿ ಅರ್ಧದಷ್ಟು ಗಾಳಿಗೂ ಬಿಸಿಲಿಗೂ ಬೀದಿಯ ಚರಂಡಿಗೂ ಸಲ್ಲಬಹುದೆಂದು ಅದೇ ಸಂಸ್ಥೆಯು ಹೇಳುತ್ತದೆ. ಒಬ್ಬನಿಗೆ ದಿನಕ್ಕೆ 135 ಲೀಟರು ಸಾಕೆಂಬ ಪ್ರಮಾಣವನ್ನಿಟ್ಟುಕೊಂಡು ನಗರಗಳ ನೀರಿನ ಯೋಜನೆಗಳನ್ನು ರಚಿಸುವ ನಮ್ಮ ದೇಶದವರಿಗೆ ಈ ಅಂಕಿಗಳು ಬೆರಗು ಹುಟ್ಟಿಸುತ್ತವೆ. ಆದರೂ ನಿಂದಿಸುವ ಮುನ್ನ ಕಾರಣವನ್ನು ತಿಳಿಯುವುದು ಲೇಸು.

ಕಾರಣವು ಯಂತ್ರದ ಸೌಕರ್ಯದಲ್ಲಿದೆ. 1930ರ ದಶಕದ ಆದಿಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಗ್ಲೆಂಡೋರ ಎಂಬಲ್ಲಿ ಕಿತ್ತಳೆ ಜಾತಿಯ ಹಣ್ಣಿನ ತೋಟವನ್ನು ನಡೆಸುತ್ತಿದ್ದ ಆರ್ಟನ್ ಎಂಗಲ್‌ಹಾರ್ಟ್ ಎಂಬುವನು, ನೀರಿನ ಧಾರೆಯೇ ಒಂದು ಪುಟ್ಟ ತೋಳನ್ನು ತಟ್ಟಿ ತಟ್ಟಿ ಮೂತಿಯನ್ನು ಸುತ್ತಲೂ ತಿರುಗಿಸುವ ತುಂತುರುಗೊಳವೆಯನ್ನು ಕಂಡುಹಿಡಿದನು. 1935ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಅದರಿಂದ ಹುಟ್ಟಿದ ರೇನ್ ಬರ್ಡ್ ಕಂಪೆನಿಯು ಇಂದಿಗೂ ಆ ಪೇಟೆಯ ಪ್ರಮುಖರಲ್ಲೊಂದು. ಎರಡನೆಯ ಮಹಾಯುದ್ಧದ ತರುವಾಯ ನಗರಗಳ ಹೊರವಲಯಗಳಲ್ಲಿ ಮನೆಗಳು ಸಾಲುಸಾಲಾಗಿ ಎದ್ದು, ಮನೆಗೊಂದು ಹುಲ್ಲುಹಾಸು ಗೃಹಸ್ಥನ ಮರ್ಯಾದೆಯ ಗುರುತಾದ ಮೇಲೆ, ಕೊಳವೆಗಳು ನೆಲದೊಳಕ್ಕೆ ಇಳಿದುವು. 24 ವೋಲ್ಟಿನ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವುಗಳೂ ಅವನ್ನು ಆಳುವ ಗಡಿಯಾರವೂ ಬಂದುವು. ಕೈಯಲ್ಲಿ ಕೊಳವೆಯನ್ನು ಹಿಡಿದು ನಿಂತವನಿಗೆ ಕೈ ಸೋಲುತ್ತದೆ, ಸಾಕೆನಿಸುತ್ತದೆ. ಗಡಿಯಾರಕ್ಕೆ ಈ ಸಾಕೆಂಬುದಿಲ್ಲ. ಜುಲೈ ತಿಂಗಳ ಬೇಗೆಯಲ್ಲಿ ಒಮ್ಮೆ ತಿರುಗಿಸಿಟ್ಟ ಮುಳ್ಳು ನವೆಂಬರಿನ ಮಂಜಿನಲ್ಲಿಯೂ ಅಷ್ಟೇ ನಿಷ್ಠೆಯಿಂದ ಅಷ್ಟೇ ನೀರನ್ನು ಸುರಿಸುತ್ತದೆ. ಒಡೆಯನು ಮಲಗಿರುವ ನಸುಕಿನಲ್ಲಿ ಸುರಿಸುವುದರಿಂದ ಅವನ ಕಣ್ಣಿಗೆ ಬೀಳುವುದೂ ಇಲ್ಲ.

ಹಾಗಾದರೆ ಹುಲ್ಲಿಗೆ ದಿಟವಾಗಿ ಬೇಕಾದ ನೀರೆಷ್ಟು? ಇದನ್ನು ಲೆಕ್ಕಕ್ಕೆ ತಂದವರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದ ಹೊವರ್ಡ್ ಪೆನ್‌ಮನ್ ಮುಖ್ಯನು. ಬಿಸಿಲು, ಉಷ್ಣತೆ, ಗಾಳಿಯ ವೇಗ, ಗಾಳಿಯ ತೇವ ಈ ನಾಲ್ಕನ್ನು ತಿಳಿದರೆ ಮಣ್ಣಿನಿಂದ ಆವಿಯಾಗಿಯೂ ಎಲೆಯಿಂದ ಉಸಿರಾಗಿಯೂ ಹೋಗುವ ನೀರನ್ನು ಗಣಿಸಬಹುದೆಂದು ಅವನು 1948ರಲ್ಲಿ ತೋರಿಸಿದನು. ಮಾಂಟೀತ್ ಎಂಬುವನು 1965ರಲ್ಲಿ ಆ ಸಮೀಕರಣವನ್ನು ವಿಸ್ತರಿಸಿದನು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಅದನ್ನು 12 ಸೆಂಟಿಮೀಟರ್ ಎತ್ತರದ ಒಂದು ಆದರ್ಶ ಹುಲ್ಲಿಗೆ ಅನ್ವಯಿಸಿ ಜಗತ್ತಿಗೆಲ್ಲ ಸಮಾನವಾದ ಅಳತೆಗೋಲನ್ನಾಗಿ ಮಾಡಿತು. ಈ ಒಟ್ಟು ವ್ಯಯವನ್ನು ನಮ್ಮ ಶಾಸ್ತ್ರಗ್ರಂಥಗಳು ಬಾಷ್ಪೀಭವನ ಮತ್ತು ಬಾಷ್ಪವಿಸರ್ಜನೆ ಎಂದು ಎರಡಾಗಿ ಹೇಳುತ್ತವೆ. ನಾನು ಸುಲಭವಾಗಿ ಆವಿವೆಚ್ಚ ಎಂದು ಕರೆಯುತ್ತೇನೆ. ಕ್ಯಾಲಿಫೋರ್ನಿಯಾ ಸರಕಾರವು 1982ರಲ್ಲಿಯೇ ಡೇವಿಸ್‌ನ ವಿಶ್ವವಿದ್ಯಾನಿಲಯದೊಡಗೂಡಿ ನಾಡಿನಲ್ಲೆಲ್ಲ ಹವಾಮಾನ ಕೇಂದ್ರಗಳನ್ನು ನೆಟ್ಟು, ಇಂಥ ಊರಿನಲ್ಲಿ ಇಂದಿನ ಆವಿವೆಚ್ಚ ಇಷ್ಟು ಮಿಲಿಮೀಟರ್ ಎಂದು ರೈತರಿಗೆ ತಿಳಿಸುವ ವ್ಯವಸ್ಥೆಯನ್ನು ಆರಂಭಿಸಿತು. ರೈತನಿಗಾಗಿ ಹುಟ್ಟಿದ ಆ ವಿದ್ಯೆಯೇ ಹುಲ್ಲುಹಾಸಿನ ಪೆಟ್ಟಿಗೆಯೊಳಕ್ಕೆ ಹೊಕ್ಕಿದೆ.

ಲೆಕ್ಕವನ್ನು ಕೈಯಾರೆ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರು. ನೂರು ಚದರ ಮೀಟರಿನ ಹುಲ್ಲುಹಾಸೊಂದಿದೆ, ಬೇಸಗೆಯ ದಿನದ ಆವಿವೆಚ್ಚ 6 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಚಳಿಗಾಲದಲ್ಲಿಯೂ ಹಸುರಾಗಿರುವ ಶೀತಪ್ರಿಯ ಹುಲ್ಲುಗಳಿಗೆ ಇದರಲ್ಲಿ ಹತ್ತರಲ್ಲಿ ಎಂಟು ಪಾಲು ಬೇಕೆಂದೂ, ಉಷ್ಣಪ್ರಿಯ ಹುಲ್ಲುಗಳಿಗೆ ಆರು ಪಾಲು ಸಾಕೆಂದೂ ಅಲ್ಲಿಯ ವಿಶ್ವವಿದ್ಯಾನಿಲಯದವರ ಮತ. ಮೊದಲನೆಯದಕ್ಕೆ ದಿನಕ್ಕೆ 480 ಲೀಟರು, ನಮ್ಮ ಗಣನೆಯಲ್ಲಿ ಮೂರೂವರೆ ಜನರ ನೀರು, ಎರಡನೆಯದಕ್ಕೆ 360. ಆ ಉಷ್ಣಪ್ರಿಯ ಹುಲ್ಲುಗಳಲ್ಲಿ ಪ್ರಸಿದ್ಧವಾದ ಬರ್ಮುಡ ಹುಲ್ಲೆಂಬುದು ಮತ್ತಾವುದೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆ. ಎಂದಮೇಲೆ, ಯಾವ ಪೆಟ್ಟಿಗೆಯನ್ನೂ ಕೊಳ್ಳದೆ, ಹುಲ್ಲಿನ ಜಾತಿಯನ್ನು ಬದಲಿಸಿದ ಮಾತ್ರದಿಂದಲೇ ನಾಲ್ಕರಲ್ಲೊಂದು ಪಾಲು ನೀರು ಉಳಿಯಿತು. ಮಾರುವವರು ಈ ಮಾತನ್ನು ಆಡುವುದಿಲ್ಲ. ಆಡಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಇನ್ನು ಪೆಟ್ಟಿಗೆಗಳ ವಿಚಾರ. ಇವುಗಳಲ್ಲಿ ಮುಖ್ಯವಾಗಿ ಎರಡು ಕುಲ: ಆಕಾಶವನ್ನು ನೋಡಿ ನೀರು ಬಿಡುವುದು ಒಂದು, ನೆಲವನ್ನು ಮುಟ್ಟಿ ನೋಡಿ ಬಿಡುವುದು ಇನ್ನೊಂದು. ಮೊದಲನೆಯದು ಅಂತರ್ಜಾಲದ ಮೂಲಕ ಸಮೀಪದ ಹವಾಮಾನ ಕೇಂದ್ರಗಳ ವರದಿಯನ್ನು ತರಿಸಿಕೊಂಡು, ಅಥವಾ ಮನೆಯ ಸೂರಿಗೆ ತಗುಲಿಸಿದ ಸಂವೇದಕದಿಂದ ಬಿಸಿಲನ್ನೂ ಉಷ್ಣತೆಯನ್ನೂ ಅಳೆದುಕೊಂಡು, ಅಂದಂದಿನ ಆವಿವೆಚ್ಚವನ್ನು ಗಣಿಸಿ, ಮಣ್ಣೆಂಬ ಬೊಕ್ಕಸದಿಂದ ಅಷ್ಟನ್ನು ಕಳೆಯುತ್ತ, ಬೊಕ್ಕಸವು ಅರ್ಧಕ್ಕಿಳಿದಾಗ ತುಂಬಿಸುತ್ತದೆ. ಡೆನ್ವರ್ ನಗರದ ರೇಚಿಯೋ, ಹಂಟರ್ ಕಂಪೆನಿಯ ಹೈಡ್ರವೈಸ್, ಆರ್ಬಿಟ್‌ನವರ ಬಿ-ಹೈವ್, ರೇನ್ ಬರ್ಡ್‌ನವರ ಪೆಟ್ಟಿಗೆಗಳು ಬಹುಮಟ್ಟಿಗೆ ಈ ಕುಲದವು. ಎರಡನೆಯದರಲ್ಲಿ ಬೇರಿನ ಮಟ್ಟದಲ್ಲಿ ಹೂತಿಟ್ಟ ಸಂವೇದಕವೊಂದು ಮಣ್ಣಿನ ತೇವವನ್ನು ವಿದ್ಯುತ್ತಿನ ಗುಣದಿಂದ ಅಳೆದು, ತೇವವು ಸಾಕಷ್ಟಿದ್ದರೆ ಗಡಿಯಾರದ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಪರಿಸರ ಸಂರಕ್ಷಣಾ ಸಂಸ್ಥೆಯು 2006ರಲ್ಲಿ ಆರಂಭಿಸಿದ ‘ವಾಟರ್‌ಸೆನ್ಸ್’ ಎಂಬ ಮುದ್ರೆಯನ್ನು ಮೊದಲ ಕುಲಕ್ಕೆ 2011ರಲ್ಲಿಯೂ ಎರಡನೆಯದಕ್ಕೆ 2021ರಲ್ಲಿಯೂ ವಿಸ್ತರಿಸಿತು.

ಮುದ್ರೆಯಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದೆಂದು ಹೇಳುವವರುಂಟು. ಆದರೆ ಹವಾಮಾನವನ್ನು ನೋಡುವ ಪೆಟ್ಟಿಗೆಗಳ ಪರೀಕ್ಷೆಯ ಬಗೆಯನ್ನು ತಿಳಿದವರಿಗೆ ಅಷ್ಟೊಂದು ಶ್ರದ್ಧೆ ಉಳಿಯದು. ಬೇರೆ ಬೇರೆ ಮಣ್ಣು, ಇಳಿಜಾರು, ಗಿಡಗಳಿಂದ ಕೂಡಿದ ಆರು ಭಾಗಗಳ ಒಂದು ತೋಟವನ್ನು ಕಲ್ಪಿಸಿಕೊಂಡು, ಆ ಕಲ್ಪಿತ ತೋಟದ ವಿವರಗಳನ್ನೆಲ್ಲ ಪೆಟ್ಟಿಗೆಗೆ ಊಡಿಸಿ, ಅದು ಗಿಡಕ್ಕೆ ಬೇಕಾದ ನೀರಿನಲ್ಲಿ ಕಡಮೆಯೆಂದರೆ ಶೇಕಡ 80ನ್ನು ಕೊಡುತ್ತದೆಯೇ, ಹೆಚ್ಚುವರಿಯು ಯಾವ ಭಾಗದಲ್ಲಿಯೂ ಶೇಕಡ 10ನ್ನು ಮೀರದಂತೆ ನೋಡಿಕೊಳ್ಳುತ್ತದೆಯೇ ಎಂದು ಲೆಕ್ಕದಲ್ಲಿ ಪರೀಕ್ಷಿಸುತ್ತಾರೆ. ತಜ್ಞನು ವಿವರಗಳನ್ನು ತಪ್ಪಿಲ್ಲದೆ ತುಂಬಿದಾಗ ಪೆಟ್ಟಿಗೆಯು ತಪ್ಪಿಲ್ಲದೆ ನಡೆದುಕೊಂಡಿತೆಂಬುದಕ್ಕೆ ಇದು ಪ್ರಮಾಣ. ಭಾನುವಾರದ ಮಧ್ಯಾಹ್ನ ಫೋನನ್ನು ಹಿಡಿದು ಕುಳಿತ ಗೃಹಸ್ಥನು, ನಿಮ್ಮ ಮಣ್ಣು ಜೇಡಿಯೋ ಮರಳೋ ಎಂಬ ಪ್ರಶ್ನೆಗೆ ಉತ್ತರ ತೋಚದೆ ನಡುವಣದೊಂದನ್ನು ಒತ್ತಿಬಿಟ್ಟಾಗ ಅದು ಹೇಗೆ ನಡೆದುಕೊಂಡೀತೆಂಬುದಕ್ಕೆ ಇದು ಪ್ರಮಾಣವಲ್ಲ.

ನಿಜವಾದ ಮನೆಗಳಲ್ಲಿ ಏನಾಯಿತೆಂಬುದನ್ನು ನೋಡಿದವರೂ ಇದ್ದಾರೆ, ಈ ವಿಷಯದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಅವರ ವರದಿಗಳೇ. ಕ್ಯಾಲಿಫೋರ್ನಿಯಾದ ಅರ್ವೈನ್ ನಗರದಲ್ಲಿ 2001ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಹೆಚ್ಚು ನೀರು ಬಳಸುವವರೊಳಗಿಂದ ಆಯ್ದ ನಲವತ್ತು ಮನೆಗಳಲ್ಲಿ ಆವಿವೆಚ್ಚವನ್ನು ಅನುಸರಿಸುವ ಪೆಟ್ಟಿಗೆಗಳನ್ನು ಹಾಕಿಸಿದಾಗ ಮನೆಯೊಂದಕ್ಕೆ ದಿನಕ್ಕೆ 37 ಗ್ಯಾಲನ್, ಎಂದರೆ ಸುಮಾರು 140 ಲೀಟರು, ಉಳಿಯಿತು. ಅದೇ ಊರಿನಲ್ಲಿ ಮುಂದೆ ನಡೆದ ಇನ್ನೊಂದು ಪ್ರಯೋಗದಲ್ಲಿ ಬೇಸಗೆಯಲ್ಲಿ ಬೀದಿಚರಂಡಿಗೆ ಹರಿದುಹೋಗುತ್ತಿದ್ದ ನೀರು ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಇವು ಮನೆಮಾತಾದುವು, ನೀರು ಸರಬರಾಜು ಮಂಡಳಿಗಳು ಪೆಟ್ಟಿಗೆಯನ್ನು ಕೊಳ್ಳುವವರಿಗೆ ಹಣವನ್ನು ಮರಳಿಸತೊಡಗಿದುವು. ಆಮೇಲೆ, 2009ರಲ್ಲಿ, ರಾಜ್ಯದ ಉದ್ದಗಲಕ್ಕೂ ಸುಮಾರು 2,300 ಸ್ಥಳಗಳ ನೀರಿನ ಲೆಕ್ಕವನ್ನು ತೂಗಿ ನೋಡಿದ ದೊಡ್ಡ ಸಮೀಕ್ಷೆಯು ಪ್ರಕಟವಾಯಿತು. ಹೊರಗಿನ ನೀರಿನ ಬಳಕೆಯಲ್ಲಿ ಸರಾಸರಿ ಉಳಿತಾಯವಾದುದು ಶೇಕಡ 6ರಷ್ಟು. ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, ಹತ್ತು ಸ್ಥಳಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಕಡೆ ಪೆಟ್ಟಿಗೆಯನ್ನು ಹಾಕಿಸಿದ ಮೇಲೆ ನೀರಿನ ಖರ್ಚು ಏರಿಯೇ ಹೋಗಿತ್ತು!

ಇದರಲ್ಲಿ ಯಂತ್ರದ ದೋಷವೇನೂ ಇಲ್ಲ. ಆವಿವೆಚ್ಚವನ್ನು ಗಣಿಸುವ ಪೆಟ್ಟಿಗೆಯ ಧರ್ಮವು ನೀರನ್ನು ಉಳಿಸುವುದಲ್ಲ, ಗಿಡಕ್ಕೆ ಬೇಕಾದಷ್ಟನ್ನು ಕೊಡುವುದು. ಬೇಕಾದುದಕ್ಕಿಂತ ಹೆಚ್ಚಾಗಿ ಸುರಿಯುತ್ತಿದ್ದ ದುಂದುಗಾರನ ಮನೆಯಲ್ಲಿ ಅದು ಉಳಿತಾಯವಾಗುತ್ತದೆ; ಹುಲ್ಲು ತುಸು ಬಾಡಿದರೂ ಚಿಂತೆಯಿಲ್ಲವೆಂದು ವಾರಕ್ಕೊಮ್ಮೆ ಹನಿಸಿ ಸುಮ್ಮನಿರುತ್ತಿದ್ದ ಜಿಪುಣನ ಮನೆಯಲ್ಲಿ, ಹುಲ್ಲು ಹಸಿದಿದೆಯೆಂದು ಅದು ಕಂಡುಹಿಡಿದು ಹೊಟ್ಟೆತುಂಬ ಉಣಿಸುತ್ತದೆ. ನಲವತ್ತು ಮನೆಗಳ ಫಲವೂ ಎರಡು ಸಾವಿರ ಸ್ಥಳಗಳ ಫಲವೂ ಹೊಂದದಿರಲು ಇದೊಂದು ಮುಖ್ಯ ಕಾರಣವೆಂದು ನನಗೆ ತೋರುತ್ತದೆ: ಮೊದಲಿನದರಲ್ಲಿ ದುಂದುಗಾರರನ್ನು ಹುಡುಕಿ ಆರಿಸಿದ್ದರು, ಎರಡನೆಯದರಲ್ಲಿ, ಹಣ ಮರಳಿ ಬರುತ್ತದೆಂದು ತಾವಾಗಿ ಮುಂದೆ ಬಂದವರೊಳಗೆ ನೀರಿನ ವಿಷಯದಲ್ಲಿ ಮೊದಲೇ ಎಚ್ಚರವುಳ್ಳವರು ಅನೇಕರಿದ್ದಿರಬೇಕು. ಆದುದರಿಂದ ಯಾವ ಪೆಟ್ಟಿಗೆಯೆಂದು ಕೇಳುವುದಕ್ಕೆ ಮುಂಚೆ ಕಳೆದ ವರ್ಷದ ನೀರಿನ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಚಳಿಗಾಲದ ಬಿಲ್ಲನ್ನು ಬೇಸಗೆಯದರಿಂದ ಕಳೆದು, ಬಂದ ಶೇಷವನ್ನು ಮೇಲೆ ಮಾಡಿದಂಥ ಲೆಕ್ಕದೊಡನೆ ಹೋಲಿಸತಕ್ಕದ್ದು. ಶೇಷವು ಲೆಕ್ಕಕ್ಕಿಂತ ಕಡಮೆಯಾಗಿದ್ದರೆ ಆ ಗೃಹಸ್ಥನು ಪೆಟ್ಟಿಗೆಯ ಹಣವನ್ನು ಬೇರೆ ಯಾವುದಕ್ಕಾದರೂ ವಿನಿಯೋಗಿಸಬಹುದು.

ನೆಲವನ್ನು ಮುಟ್ಟಿ ನೋಡುವ ಕುಲಕ್ಕೆ ಫ್ಲಾರಿಡ ವಿಶ್ವವಿದ್ಯಾನಿಲಯದವರ ಪ್ರಯೋಗಗಳು ಒಳ್ಳೆಯ ಹೆಸರನ್ನು ತಂದುಕೊಟ್ಟಿವೆ. ಮರಳುಮಣ್ಣಿನಲ್ಲಿ ಬೆಳೆದ ಗರಿಕೆಯ ಮಡಿಗಳಲ್ಲಿ, ಮಳೆ ಚೆನ್ನಾಗಿ ಬಿದ್ದ ಕಾಲದಲ್ಲಿ, ಬರಿಯ ಗಡಿಯಾರವು ಬಿಡುತ್ತಿದ್ದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದುದನ್ನು ಅವರು ಕಂಡರು. ಮಳೆಯಿದ್ದರಲ್ಲವೆ ನೀರು ಬಿಡದಿರುವುದಕ್ಕೆ ಅವಕಾಶ! ಬೇಸಗೆಯಿಡೀ ಮಳೆಯ ಮುಖವನ್ನೇ ಕಾಣದ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಆ ಫಲವನ್ನು ಹಾಗೆಯೇ ಒಯ್ಯಲಾಗದು. ಫ್ಲಾರಿಡದಲ್ಲಿ 1991ರಿಂದಲೂ ಸ್ವಯಂಚಾಲಿತ ತುಂತುರು ವ್ಯವಸ್ಥೆಗಳನ್ನು ಹೊಸದಾಗಿ ಹಾಕಿಸುವವರು ಮಳೆ ಸಂವೇದಕವನ್ನು ಇಡಲೇಬೇಕೆಂಬ ಕಾನೂನಿದೆ. ಕಾರ್ಕಿನ ಕೆಲವು ಬಿಲ್ಲೆಗಳು ಮಳೆಯಲ್ಲಿ ನೆನೆದು ಉಬ್ಬಿ ಒಂದು ಗುಂಡಿಯನ್ನು ಒತ್ತುವುದು, ಒಣಗಿ ಕುಗ್ಗಿ ಅದನ್ನು ಬಿಡುವುದು, ಇಷ್ಟೇ ಅದರ ಸಮಸ್ತ ಬುದ್ಧಿ. ಆದರೂ ನನ್ನ ಅಳಿಯನ ಅಂಗಳದಲ್ಲಿ ನಾನು ಕಂಡ ಅವಿವೇಕವನ್ನು ನಿಲ್ಲಿಸುವುದಕ್ಕೆ ಅಷ್ಟು ಬುದ್ಧಿ ಧಾರಾಳವಾಗಿ ಸಾಕಾಗಿದ್ದಿತು.

ಇಷ್ಟರ ಮೇಲೆಯೂ ಕೊಳ್ಳಲೇಬೇಕೆನ್ನುವವನು ನೋಡಿಕೊಳ್ಳಬೇಕಾದ ಸಂಗತಿಗಳು ಕೆಲವಿವೆ. ವಾಲ್ವುಗಳೆಷ್ಟೋ ಅಷ್ಟು ಸಂಪರ್ಕಗಳು ಪೆಟ್ಟಿಗೆಯಲ್ಲಿರಬೇಕೆಂಬುದು, ಗ್ಯಾರೇಜಿನ ಗೋಡೆಗೆ ವೈ-ಫೈ ತಲಪುತ್ತದೆಯೇ ಎಂಬುದು ಎಲ್ಲರಿಗೂ ಹೊಳೆಯುವ ಮಾತುಗಳು. ಹೊಳೆಯದ ಮಾತೆಂದರೆ ನೀರು ಬೀಳುವ ವೇಗಕ್ಕೂ ಮಣ್ಣು ಕುಡಿಯುವ ವೇಗಕ್ಕೂ ಇರುವ ಅಂತರ. ನಿಂತಲ್ಲೇ ನಿಂತು ಚಿಮ್ಮುವ ಸಾಮಾನ್ಯ ಮೂತಿಗಳು ಗಂಟೆಗೆ ಸುಮಾರು 40 ಮಿಲಿಮೀಟರಿನ ಮಳೆಯನ್ನು ಸುರಿಸುತ್ತವೆ. ಜೇಡಿಮಣ್ಣು ಗಂಟೆಗೆ ಐದಾರು ಮಿಲಿಮೀಟರನ್ನು ಕುಡಿದರೆ ಹೆಚ್ಚು. ಮಿಕ್ಕದ್ದು ಕಾಲುದಾರಿಯ ಮೇಲೆ ಹರಿಯುತ್ತದೆ. ಆದುದರಿಂದ ಹದಿನೈದು ನಿಮಿಷದ ನೀರನ್ನು ನಾಲ್ಕೈದು ನಿಮಿಷಗಳ ಕಂತುಗಳಾಗಿ ಒಡೆದು, ನಡುವೆ ಅರ್ಧ ಗಂಟೆ ಇಂಗಲು ಬಿಡುವ ಶಕ್ತಿ ಪೆಟ್ಟಿಗೆಗೆ ಇರಬೇಕು. ಇಲ್ಲವಾದರೆ ಗಂಟೆಗೆ ಹತ್ತು ಹನ್ನೆರಡು ಮಿಲಿಮೀಟರಷ್ಟೇ ಕರೆಯುತ್ತ ತಿರುಗುವ ಮೂತಿಗಳನ್ನು ಹಾಕಿಸುವುದೇ ಮೇಲು. ಎರಡನೆಯದಾಗಿ, ಹರಿವಿನ ಮಾಪಕವನ್ನು ಜೋಡಿಸಲು ಎಡೆಯಿರಬೇಕು. ಹುಲ್ಲು ಕತ್ತರಿಸುವ ಯಂತ್ರವು ತಗುಲಿ ಮೂತಿಯೊಂದು ಮುರಿದು ನಸುಕಿನಲ್ಲಿ ಬುಗ್ಗೆಯೇಳುತ್ತಿದ್ದರೆ, ಆವಿವೆಚ್ಚದ ಗಣಿತವೆಲ್ಲ ಅದರ ಮುಂದೆ ವ್ಯರ್ಥ. ಹರಿವನ್ನು ಅಳೆಯಬಲ್ಲ ಪೆಟ್ಟಿಗೆಯು ತಕ್ಷಣ ವಾಲ್ವನ್ನು ಮುಚ್ಚಿ ಒಡೆಯನನ್ನು ಎಚ್ಚರಿಸುತ್ತದೆ. ಎಲ್ಲ ಗುಣಗಳಲ್ಲಿ ಒಂದನ್ನೇ ಆರಿಸಿಕೋ ಎಂದರೆ ನಾನು ಇದನ್ನು ಆರಿಸಿಕೊಳ್ಳುವೆನು.

ಹವಾಮಾನದ ವರದಿಯು ಎಲ್ಲಿಂದ ಬರುತ್ತದೆಂಬುದನ್ನೂ ವಿಚಾರಿಸಬೇಕು. ಕಡಲತೀರದ ಮಂಜು ಕವಿಯುವ ಮನೆಗೆ ಹತ್ತಾರು ಮೈಲಿ ಒಳನಾಡಿನ ವಿಮಾನನಿಲ್ದಾಣದ ಬಿಸಿಲನ್ನು ಲೆಕ್ಕಹಾಕಿದರೆ ತಪ್ಪಾಗುತ್ತದೆ. ಕಂಪೆನಿಯ ದೂರದ ಗಣಕಗಳನ್ನೇ ನೆಚ್ಚಿ ಬಾಳುವ ಪೆಟ್ಟಿಗೆಯು, ಕಂಪೆನಿ ಬಾಗಿಲು ಮುಚ್ಚಿದ ದಿನ ಏನಾದೀತೆಂಬುದನ್ನು ಕೂಡ ಕೇಳಬೇಕು. ಓಪನ್‌ಸ್ಪ್ರಿಂಕ್ಲರ್ ಎಂಬ, ರಚನೆಯ ಗುಟ್ಟನ್ನೆಲ್ಲ ಬಯಲಿಗಿಟ್ಟಿರುವ ಸಾಧನವನ್ನು ಕೆಲವರು ಮೆಚ್ಚುವುದು ಈ ಭಯದಿಂದಲೇ. ಇನ್ನು ಬರಗಾಲದ ಕಟ್ಟಳೆಗಳು: 2015ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಜೆರಿ ಬ್ರೌನ್ ಅವರು ನಗರಗಳ ನೀರಿನ ಬಳಕೆಯಲ್ಲಿ ಶೇಕಡ 25ರಷ್ಟನ್ನು ಇಳಿಸಬೇಕೆಂದು ಆಜ್ಞಾಪಿಸಿದಾಗ, ವಾರದಲ್ಲಿ ಇಂಥ ದಿನಗಳಂದೇ ನೀರು ಬಿಡಬೇಕೆಂದು ಅನೇಕ ಊರುಗಳು ಗೊತ್ತುಮಾಡಿದುವು, ಪೆಟ್ಟಿಗೆಯು ತನ್ನ ಗಣಿತವನ್ನು ಬಿಟ್ಟು ಊರಿನ ಕಟ್ಟಳೆಗೆ ತಲೆಬಾಗುವಂತಿರಬೇಕು. ನೆವಾಡದವರಂತೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಬರಿಯ ನೋಟಕ್ಕಾಗಿ ಬೆಳೆಸಿದ ಹುಲ್ಲಿಗೆ ಕೊಲೊರಾಡೊ ನದಿಯ ನೀರನ್ನು ಹಾಯಿಸುವುದನ್ನು 2027ರಿಂದ ನಿಷೇಧಿಸಿ 2021ರಲ್ಲಿಯೇ ಕಾನೂನು ಮಾಡಿದರು, ಒಂಟಿಮನೆಗಳ ಅಂಗಳಗಳನ್ನು ಮಾತ್ರ ಅದರಿಂದ ಬಿಟ್ಟಿದ್ದಾರೆ.

ಬೆಂಗಳೂರಿನ ವಿಷಯವನ್ನು ಎತ್ತದೆ ಬಿಟ್ಟರೆ ಓದುಗರು ಮುನಿದಾರು. 2024ರ ಮಾರ್ಚಿಯಲ್ಲಿ ನೀರಿನ ಅಭಾವವು ತೀವ್ರವಾದಾಗ ಅಲ್ಲಿಯ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಿದವರಿಗೆ 5,000 ರೂಪಾಯಿ ದಂಡವನ್ನು ವಿಧಿಸುವುದಾಗಿ ಸಾರಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಟ್ಟದೆತ್ತರಕ್ಕೆ ಏರಿಸಿ ತಂದ ಕಾವೇರಿಯನ್ನು ಹುಲ್ಲಿಗೆ ಕುಡಿಸುವುದು ಯಾವ ಪೆಟ್ಟಿಗೆಯಿಂದಲೂ ಸಮರ್ಥನೀಯವಾಗದು. ಪಾತ್ರೆ ತೊಳೆದ ನೀರನ್ನೋ ಸೂರಿನಿಂದ ಹಿಡಿದಿಟ್ಟ ಮಳೆನೀರನ್ನೋ ತಾರಸಿಯ ಕುಂಡಗಳಿಗೆ ಹನಿಸುವವರು ಈ ಸಾಧನಗಳನ್ನು ಬಯಸುವುದು ಬೇರೆ ಮಾತು. ಅಂಥವರಿಗೆ ಒಂದು ಎಚ್ಚರಿಕೆಯುಂಟು. ಅಮೆರಿಕದ ಮೂತಿಗಳಿಗೆ ಎರಡು ಬಾರ್‌ನಷ್ಟು ಒತ್ತಡ ಬೇಕು. ನಮ್ಮ ಮನೆಗಳ ಮೇಲಣ ಟ್ಯಾಂಕಿನ ನೀರು ಹತ್ತು ಮೀಟರ್ ಕೆಳಕ್ಕಿಳಿದರೂ ದೊರೆಯುವುದು ಒಂದೇ ಬಾರ್, ತಾರಸಿಯ ಮಟ್ಟದಲ್ಲಿ ಅದರ ಹತ್ತರಲ್ಲೆರಡು ಪಾಲೂ ಇರದು. ಅಲ್ಲಿ ಮೂತಿಯು ಮೇಲೇಳುವುದಿಲ್ಲ. ಮೇಲಾಗಿ, ನೀರಿನ ಒತ್ತಡದ ನೆರವಿನಿಂದಲೇ ಪೂರ್ತಿ ತೆರೆಯುವ ಸಾಮಾನ್ಯ ಸೊಲೆನಾಯ್ಡ್ ವಾಲ್ವು ತೆರೆಯುವುದೂ ಅನುಮಾನ. ಮೋಟರಿನಿಂದ ತಿರುಗುವ ವಾಲ್ವನ್ನೂ ಹನಿಗೊಳವೆಯನ್ನೂ ಆರಿಸಿಕೊಂಡರೆ ನಡೆದೀತು. ಹನಿ ನೀರಾವರಿಯನ್ನು ಬಯಲಿಗೆ ತಂದ ಇಸ್ರೇಲಿನ ಸಿಮ್ಖಾ ಬ್ಲಾಸ್‌ನ ವಿದ್ಯೆಯಿಂದ 1965ರಲ್ಲಿ ಅಲ್ಲಿಯ ನೆಟಾಫಿಮ್ ಸಂಸ್ಥೆಯು ಹುಟ್ಟಿಕೊಂಡ ಮೇಲೆ ನಮ್ಮ ಕೋಲಾರದ ರೈತನ ತನಕ ಹಬ್ಬಿದ ಆ ಕೊಳವೆಯು ಕುಂಡಕ್ಕೂ ಒದಗುತ್ತದೆ.

ಅಳಿಯನಿಗೆ ಇದನ್ನೆಲ್ಲ ಹೇಳಲಿಲ್ಲ. ಹೇಳಿದ್ದರೆ ಕೇಳುವ ತಾಳ್ಮೆ ಅವನಿಗಿರುತ್ತಿರಲಿಲ್ಲ. ಮಳೆ ಹೊಳವಾದ ಮೇಲೆ ಒಂದು ಶನಿವಾರ ಅಡುಗೆಮನೆಯಿಂದ ಒಂದೇ ಅಳತೆಯ ಹನ್ನೆರಡು ಖಾಲಿ ಡಬ್ಬಗಳನ್ನು ತರಿಸಿ, ಹುಲ್ಲುಹಾಸಿನ ಮೇಲೆ ಚದುರಂಗದ ಕಾಯಿಗಳಂತೆ ಇರಿಸಿ, ಹತ್ತು ನಿಮಿಷ ನೀರು ಬಿಡಲು ಹೇಳಿದೆನು. ಬಾಗಿಲ ಬಳಿಯ ಡಬ್ಬದಲ್ಲಿ ಒಂದು ಬೆರಳು ನೀರು. ಬೇಲಿಯ ಮೂಲೆಯದರಲ್ಲಿ ತಳ ನೆನೆದಿತ್ತಷ್ಟೆ. ಆ ಮೂಲೆ ಒಣಗದಿರಲೆಂದೇ ಅವನು ಮೂರು ವರ್ಷಗಳಿಂದ ಇಡಿಯ ಅಂಗಳಕ್ಕೆ ಎರಡರಷ್ಟು ಹೊತ್ತು ನೀರು ಬಿಡುತ್ತಿದ್ದನಂತೆ. ಮೂತಿಯನ್ನು ಬಿಚ್ಚಿ ನೋಡಿದರೆ ಜರಡಿಯ ತುಂಬ ಮರಳು. ಗುಂಡುಸೂಜಿಯಿಂದ ಅದನ್ನು ತೆಗೆಯುವುದಕ್ಕೆ ಐದು ನಿಮಿಷ ಹಿಡಿಯಿತು. ಕಾರು ನಿಲ್ಲಿಸುವ ಕಾಂಕ್ರೀಟಿಗೆ ಅಭಿಷೇಕ ಮಾಡುತ್ತಿದ್ದ ಇನ್ನೊಂದು ಮೂತಿಯನ್ನು ಅವನೇ ಕೈಯಿಂದ ತಿರುಗಿಸಿ, ಗಡಿಯಾರದ ಹೊತ್ತನ್ನು ಅರ್ಧಕ್ಕಿಳಿಸಿದನು. ಆ ಸಂಜೆಯೇ ಕಾರ್ಕಿನ ಮಳೆ ಸಂವೇದಕವೊಂದನ್ನು ತರಿಸಿಕೊಂಡನು. ಸ್ಮಾರ್ಟ್ ಕಂಟ್ರೋಲರಿನ ಮಾತನ್ನು ಆಗಸ್ಟಿನ ಬಿಲ್ಲು ಬಂದ ಮೇಲೆ ಎತ್ತೋಣವೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.